ಮೂರು ಹಳದಿ ತಂತಿಗಳ ಪವರ್ ಹೌಸ್

ಶಕ್ತಿನಗರದ ಚಿಮಣಿಗಳನ್ನು ಕಾಣದೆ ಹೈದರಾಬಾದ್ ರಸ್ತೆ ಹಿಡಿದ ರಾಯಚೂರಿನವರು ಯಾರಿದ್ದಾರೆ? ಕೃಷ್ಣೆಯ ದಂಡೆಯಲ್ಲಿ 1985ರಿಂದ ವಿದ್ಯುತ್ ಹುಟ್ಟಿಸುತ್ತಿರುವ ಆ ಶಾಖೋತ್ಪನ್ನ ಸ್ಥಾವರದಲ್ಲಿ 8 ಘಟಕಗಳು, ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ನಾಡಿಗೆ ಬೆಳಕು ಕೊಡುವ ಜಿಲ್ಲೆ ನಮ್ಮದು ಎಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವೆ. ಆದರೆ ಅದೇ ನಿಯಮದಿಂದ, ಅದೇ ಮೂರು ಫೇಸ್‌ನಲ್ಲಿ ಕರೆಂಟ್ ಹುಟ್ಟಿಸುವ ಇನ್ನೊಂದು ಪವರ್ ಹೌಸ್ ನಿಮ್ಮ ಮನೆ ಮುಂದೆ ಸ್ಟ್ಯಾಂಡ್ ಹಾಕಿ ನಿಂತಿರಬಹುದು! ದೊಡ್ಡ ಇಂಜಿನ್ನಿನ ಬೈಕ್ ಇದ್ದರೆ ಒಮ್ಮೆ ಬಗ್ಗಿ ನೋಡಿ. ಹೆಚ್ಚಿನ ಗಾಡಿಗಳಲ್ಲಿ ಎಡಗಡೆ ಇಂಜಿನ್ ಕವರ್‌ನಿಂದ ಮೂರು ತಂತಿ ಹೊರಬರುತ್ತವೆ. ಬಹಳ ಸಲ ಮೂರೂ ಹಳದಿ, ಮೂರೂ ಒಂದೇ ದಪ್ಪ. ಒಂದಕ್ಕೂ ಪ್ಲಸ್ ಇಲ್ಲ, ಮೈನಸ್ ಇಲ್ಲ. ಆ ಮೂರು ತಂತಿಗಳ ಹಿಂದಿರುವುದೇ ಒಂದು ಪುಟ್ಟ ಶಕ್ತಿನಗರ.

ಈ ಪವರ್ ಹೌಸ್ ಬೈಕಿನಲ್ಲಿರುವವರೆಗೆ ತನ್ನ ಗುಟ್ಟು ಬಿಟ್ಟುಕೊಡುವುದಿಲ್ಲ. ಇಂಜಿನ್ ಬಿಚ್ಚಿ ಒಂದು ರೇಸ್ ಕಾರಿಗೆ ಕೂರಿಸಿ ನೋಡಿ, ಆಗ ಶುರುವಾಗುತ್ತದೆ ಆಟ!

ಇಂಥ ಕಾರು ಕಟ್ಟುವವರು ನಮ್ಮ ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು. 1981ರಲ್ಲಿ ಅಮೆರಿಕದಲ್ಲಿ ಫಾರ್ಮುಲಾ ಎಸ್‌ಎಇ ಎಂಬ ಸ್ಪರ್ಧೆ ಹುಟ್ಟಿತು: ವಿದ್ಯಾರ್ಥಿಗಳೇ ಒಂದು ಸೀಟಿನ ರೇಸ್ ಕಾರನ್ನು ವಿನ್ಯಾಸ ಮಾಡಿ, ಕಟ್ಟಿ, ಓಡಿಸಬೇಕು. ಇಂಜಿನ್ 710 ಸಿಸಿ ಮೀರಬಾರದು. ಪೆಟ್ರೋಲ್ ಕಾರಾದರೆ ಅದು ಉಸಿರಾಡುವ ಗಾಳಿಯೆಲ್ಲ 20 ಮಿಲಿಮೀಟರ್ ಅಗಲದ ಒಂದೇ ಕಂಡಿಯಿಂದ ನುಗ್ಗಬೇಕು. ಅಷ್ಟು ಚಿಕ್ಕ, ಅಷ್ಟು ಹಗುರ, ಅಷ್ಟು ಜೋರಾಗಿ ತಿರುಗುವ ಇಂಜಿನ್ ಎಲ್ಲಿ ಸಿಗುತ್ತದೆ? ಬೈಕಿನಲ್ಲಿ! ಹೊರದೇಶಗಳ ತಂಡಗಳು ಹೋಂಡಾ ಸಿಬಿಆರ್600ರ ನಾಲ್ಕು ಸಿಲಿಂಡರಿನ ಇಂಜಿನ್ನಿಗೆ ಮನಸೋತರೆ, ನಮ್ಮಲ್ಲಿ ಅನೇಕ ತಂಡಗಳು ಕೆಟಿಎಂ 390ರ 373 ಸಿಸಿಯ ಒಂಟಿ ಸಿಲಿಂಡರಿನ ಇಂಜಿನ್ ಹಿಡಿದವು. ಬೆಂಗಳೂರಿನ ಆರ್‌ವಿ ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ತಂಡ ಈ ಹಾದಿಯಲ್ಲಿ ಕರ್ನಾಟಕದ ಹಳೆಯ ಹೆಸರು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇನಲ್ಲಿ ನಡೆಯುವ ಇದೇ ಮಾದರಿಯ ಫಾರ್ಮುಲಾ ಭಾರತ್ ಸ್ಪರ್ಧೆಗೆ ದೇಶದ ಮೂಲೆ ಮೂಲೆಯಿಂದ ಕಾರುಗಳು ಬರುತ್ತವೆ.

ಇಂಥ ಕಾರುಗಳನ್ನು ಕಾಡುವ ಒಂದು ರೋಗವಿದೆ. ಮೊದಲ ಸುತ್ತುಗಳಲ್ಲಿ ಕಾರು ಸಿಡಿದು ಓಡುತ್ತದೆ. ಆಮೇಲೆ ನೇರ ಹಾದಿಯಲ್ಲಿ ಮುಗ್ಗರಿಸತೊಡಗುತ್ತದೆ. ಪ್ಲಗ್ ಬದಲಿಸುತ್ತಾರೆ, ಪೆಟ್ರೋಲ್ ಫಿಲ್ಟರ್ ತೊಳೆಯುತ್ತಾರೆ, ಲ್ಯಾಪ್‌ಟಾಪ್ ಹಚ್ಚಿ ಇಂಧನದ ಲೆಕ್ಕವನ್ನೆಲ್ಲ ತಿದ್ದುತ್ತಾರೆ. ಉಪಯೋಗವಿಲ್ಲ. ಕೊನೆಗೆ ಕಾರು ನಿಲ್ಲುತ್ತದೆ, ಸೆಲ್ಫ್ ಒತ್ತಿದರೆ ‘ಟಕ್’ ಎಂದು ಒಂದೇ ಸದ್ದು. ಬ್ಯಾಟರಿ ಖಾಲಿ! ರೋಗ ಪೆಟ್ರೋಲಿನ ವೇಷ ಹಾಕಿಕೊಂಡು ಬಂದಿತ್ತು. ವೋಲ್ಟೇಜ್ ಇಳಿದಂತೆ ಪೆಟ್ರೋಲ್ ಪಂಪಿನ ಒತ್ತಡ ಕುಸಿಯುತ್ತದೆ, ಇಂಜೆಕ್ಟರ್ ಬಾಯಿ ತೆರೆಯುವುದು ತಡವಾಗುತ್ತದೆ, ಇಂಜಿನ್ನಿಗೆ ಇಂಧನ ಕಡಿಮೆ ಬೀಳುತ್ತದೆ.

ರಾಯಚೂರಿನ ಗ್ಯಾರೇಜ್ ಮಿಸ್ತ್ರಿಗೆ ಇದು ಹೊಸ ಕಥೆಯಲ್ಲ. ದೇವದುರ್ಗ, ಮಾನ್ವಿಯ ಬಸ್ ಸ್ಟ್ಯಾಂಡ್ ಹತ್ತಿರದ ಯಾವ ಗ್ಯಾರೇಜಿನಲ್ಲಿ ನಿಂತರೂ ಈ ಮಾತು ಕಿವಿಗೆ ಬಿದ್ದೀತು:

“ಅಣ್ಣ, ಗಾಡಿ ಸೆಲ್ಫ್ ತಗೋವಲ್ದು.”

“ಬ್ಯಾಟ್ರಿ ಎಂದ್ ಹಾಕ್ಸೀದಿ?”

“ಹೋದ ತಿಂಗ್ಳಾ ಹೊಸಾದು ಹಾಕ್ಸೀನಿ.”

“ಹಂಗಾದ್ರ ಬ್ಯಾಟ್ರಿದೇನ್ ತಪ್ಪೈತಿ ತಮ್ಮ, ಚಾರ್ಜಿಂಗ್ ಬರವಲ್ದು.”

ಬರವಲ್ದು! ಎಲ್ಲಿಂದ ಬರಬೇಕು? ಹೇಗೆ ಬರಬೇಕು? ಇದನ್ನು ಕೆದಕುತ್ತ ಹೋದವರಿಗೆ ಸಿಗುವುದು ಒಂದಕ್ಕಿಂತ ಒಂದು ಬೆರಗು.

1831ರಲ್ಲಿ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡದ್ದು ಇಷ್ಟು: ತಂತಿಯ ಸುರುಳಿಯ ಹತ್ತಿರ ಅಯಸ್ಕಾಂತ ಅಲುಗಿದರೆ ತಂತಿಯಲ್ಲಿ ಕರೆಂಟ್ ಹುಟ್ಟುತ್ತದೆ. ಮರುವರ್ಷವೇ ಪ್ಯಾರಿಸ್ಸಿನಲ್ಲಿ ಹಿಪೊಲಿಟ್ ಪಿಕ್ಸಿ ಸುರುಳಿಗಳ ಎದುರು ಅಯಸ್ಕಾಂತವನ್ನು ಕೈಯಿಂದ ತಿರುಗಿಸುವ ಯಂತ್ರ ಮಾಡಿದ. ಆ ಯಂತ್ರದ ನೇರ ವಂಶಜ ನಿಮ್ಮ ಬೈಕಿನೊಳಗಿದೆ. ನಮ್ಮ ಗ್ಯಾರೇಜುಗಳಲ್ಲಿ ‘ಮ್ಯಾಗ್ನೆಟ್’ ಎನ್ನುವ ಬೋಗುಣಿಯಾಕಾರದ ರೋಟರ್ ಕ್ರ್ಯಾಂಕಿನ ತುದಿಯಲ್ಲಿ ತಿರುಗುತ್ತದೆ. ಅದರ ಒಳಮೈಗೆ ಕಾಯಂ ಅಯಸ್ಕಾಂತಗಳು ಅಂಟಿರುತ್ತವೆ. ನಡುವೆ ಅಲುಗದೆ ಕೂತ ತಾಮ್ರದ ಸುರುಳಿಗಳ ಚಕ್ರವೇ ಸ್ಟೇಟರ್, ನಮ್ಮವರ ಬಾಯಲ್ಲಿ ‘ಕಾಯಿಲ್ ಪ್ಲೇಟ್’. ಸುರುಳಿಗಳನ್ನು ಮೂರು ಗುಂಪು ಮಾಡಿ ಸುತ್ತಿರುತ್ತಾರೆ. ಮೂರು ಗುಂಪು, ಮೂರು ಫೇಸ್, ಮೂರು ಹಳದಿ ತಂತಿ.

ತ್ರೀ ಫೇಸ್ ಅಂದರೇನು ಅಂತ ಮಾನ್ವಿಯ ರೈತನಿಗೆ ಯಾರೂ ಪಾಠ ಹೇಳಬೇಕಿಲ್ಲ. ಜೆಸ್ಕಾಂನ ತ್ರೀ ಫೇಸ್ ಯಾವ ತಾಸಿಗೆ ಬರುತ್ತದೆ, ಯಾವ ತಾಸಿಗೆ ಹೋಗುತ್ತದೆ ಅನ್ನುವುದರ ಮೇಲೆ ಅವನ ನಿದ್ದೆ ನಿಂತಿದೆ. ಮೂರರಲ್ಲಿ ಒಂದು ಫೇಸ್ ಹೋದರೆ ಪಂಪ್‌ಸೆಟ್ ಗುಂಯ್‌ಗುಟ್ಟಿ ಸುಡುತ್ತದೆ ಎಂದೂ ಗೊತ್ತು. ರಾತ್ರಿ ಆ ಕರೆಂಟಿಗಾಗಿ ದೊಡ್ಡ ಇಂಜಿನ್ನಿನ ಬೈಕ್ ಏರಿ ಹೊಲಕ್ಕೆ ಹೋಗುವಾಗ ಅವನು ಕೂತಿರುವುದೇ ಒಂದು ತ್ರೀ ಫೇಸ್ ಪವರ್ ಹೌಸಿನ ಮೇಲೆ!

ಇನ್ನು ವೇಗ ನೋಡಿ. ಶಕ್ತಿನಗರದ ಟರ್ಬೈನು ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ, ಕರೆಂಟ್ ಸೆಕೆಂಡಿಗೆ 50 ಸಲ ದಿಕ್ಕು ತಿರುಗಿಸಿ ಮರಳುತ್ತದೆ. ಆ 50ರಲ್ಲಿ ಎಳ್ಳಷ್ಟು ಹೆಚ್ಚುಕಡಿಮೆಯಾದರೂ ಇಡೀ ಗ್ರಿಡ್ ಎಚ್ಚರಾಗುತ್ತದೆ. ರೇಸ್ ಕಾರಿನ ಇಂಜಿನ್ ನಿಮಿಷಕ್ಕೆ 10,000 ಸುತ್ತು ತಿರುಗುವಾಗ, ರೋಟರಿನಲ್ಲಿ 12 ಧ್ರುವಗಳಿದ್ದರೆ, ಅದೇ ಆವರ್ತ ಸೆಕೆಂಡಿಗೆ 1,000! ಬೋಗುಣಿಯಷ್ಟಗಲದ ಜಾಗದಲ್ಲಿ, ಕುದಿಯುವ ಎಣ್ಣೆಯ ಸಿಡಿತದ ನಡುವೆ, ಶಕ್ತಿನಗರದ 20 ಪಟ್ಟು ಆವರ್ತ.

ಆದರೆ ಅಣ್ಣತಮ್ಮರಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ, ಎಲ್ಲ ತಂಟೆಯ ಬೇರೂ ಅಲ್ಲೇ ಇದೆ. ಶಕ್ತಿನಗರದ ರೋಟರ್ ವಿದ್ಯುತ್ಕಾಂತ. ಅದಕ್ಕೆ ಕೊಡುವ ಕರೆಂಟ್ ಕಡಿಮೆ ಮಾಡಿದರೆ ಅಯಸ್ಕಾಂತವೇ ದುರ್ಬಲವಾಗಿ ವೋಲ್ಟೇಜ್ ಇಳಿಯುತ್ತದೆ. ಸಾಮಾನ್ಯ ಕಾರಿನ ಆಲ್ಟರ್ನೇಟರಿನಲ್ಲೂ ಹೀಗೆಯೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಹಳೆಯ ಜಾವಾದ 6 ವೋಲ್ಟಿನ ಡೈನಮೋಗೂ ಇಂಥ ಕಡಿವಾಣವಿತ್ತು. ಬಹುತೇಕ ಇಂದಿನ ಬೈಕುಗಳ ಕಾಯಂ ಅಯಸ್ಕಾಂತಕ್ಕೆ ಕಡಿವಾಣವೇ ಇಲ್ಲ. ಇಂಜಿನ್ ತಿರುಗುವಷ್ಟು ಹೊತ್ತು ಅದು ಕರೆಂಟ್ ಹುಟ್ಟಿಸಿಯೇ ತೀರುತ್ತದೆ. ಬೇಕೋ ಬೇಡವೋ ಎಂದು ಕೇಳುವುದಿಲ್ಲ.

ಹಾಗಿದ್ದರೆ ಮಿಕ್ಕ ಕರೆಂಟ್ ಎಲ್ಲಿಗೆ ಹೋಗುತ್ತದೆ? ಇಲ್ಲಿ ನಾನು ಬೆಚ್ಚಿಬಿದ್ದೆ. ರೆಕ್ಟಿಫೈಯರ್ ಎಂದು ಎಲ್ಲರೂ ಕರೆಯುವ ಆ ರೆಕ್ಕೆರೆಕ್ಕೆಯ ಅಲ್ಯೂಮಿನಿಯಂ ಡಬ್ಬಿ ಎರಡು ಕೆಲಸ ಮಾಡುತ್ತದೆ. ಅದರ 6 ಡಯೋಡುಗಳು ಹೊಯ್ದಾಡುವ ಕರೆಂಟನ್ನು ಒಂದೇ ದಿಕ್ಕಿಗೆ ಹರಿಯುವಂತೆ ಮಾಡುತ್ತವೆ. ಬ್ಯಾಟರಿಯ ವೋಲ್ಟೇಜ್ 14.5ರ ಹತ್ತಿರ ಬಂದ ಕೂಡಲೇ ಅದರೊಳಗಿನ ಸ್ವಿಚ್ಚುಗಳು ಮೂರೂ ಹಳದಿ ತಂತಿಗಳನ್ನು ಬೇಕಂತಲೇ ಶಾರ್ಟ್ ಮಾಡುತ್ತವೆ! ಹೌದು, ಮನೆಯಲ್ಲಾದರೆ ಫ್ಯೂಸ್ ಹಾರಿಸುವ ಆ ಶಾರ್ಟ್ ಇಲ್ಲಿ ನಿತ್ಯದ ಕಸುಬು, ಸೆಕೆಂಡಿಗೆ ನೂರಾರು ಸಲ. ಇದಕ್ಕೆ ಶಂಟ್ ರೆಗ್ಯುಲೇಟರ್ ಎನ್ನುತ್ತಾರೆ. ಲೈಟ್ ಆರಿಸಿದರೆ ಅದಕ್ಕೆ ವಿಶ್ರಾಂತಿ ಸಿಗುತ್ತದೆ ಅಂದುಕೊಂಡಿರಾ? ಲೈಟಿಗೆ ಹೋಗಬೇಕಿದ್ದ ಕರೆಂಟನ್ನೂ ಅದೇ ಈಗ ಸುತ್ತಿಸಿ ವಾಪಸ್ ಕಳಿಸಬೇಕು. ಡಬ್ಬಿಯೂ ಸ್ಟೇಟರೂ ಕಾಯುತ್ತಲೇ ಇರುತ್ತವೆ.

ಶಾರ್ಟ್ ಆದರೂ ತಂತಿ ಸುಟ್ಟು ಹೋಗುವುದಿಲ್ಲವೇಕೆ? ಇದು ಇನ್ನೂ ಸೊಗಸು. ಇಂಜಿನ್ನಿನ ವೇಗ ಎರಡು ಪಟ್ಟಾದರೆ ಸ್ಟೇಟರಿನ ವೋಲ್ಟೇಜ್ ಎರಡು ಪಟ್ಟಾಗುತ್ತದೆ, ಆವರ್ತವೂ ಎರಡು ಪಟ್ಟಾಗುತ್ತದೆ. ಆವರ್ತ ಏರಿದಷ್ಟೂ ಸುರುಳಿ ತನ್ನೊಳಗೆ ಹರಿಯುವ ಕರೆಂಟಿಗೆ ಒಡ್ಡುವ ಅಡ್ಡಿಯೂ ಅಷ್ಟೇ ಏರುತ್ತದೆ. ಒಂದನ್ನೊಂದು ಹೊಡೆದುಹಾಕುತ್ತವೆ, ಕರೆಂಟ್ ಒಂದು ಮಿತಿಯಲ್ಲಿ ನಿಂತುಬಿಡುತ್ತದೆ. ನೀವು ಆಕ್ಸಿಲರೇಟರ್ ಎಷ್ಟು ತಿರುವಿದರೂ ಅದು ಆ ಗೆರೆ ದಾಟುವುದಿಲ್ಲ. ಕಡಿವಾಣವಿಲ್ಲದ ಕುದುರೆಗೆ ಪ್ರಕೃತಿಯೇ ಲಗಾಮು ಹಾಕಿಟ್ಟಿದೆ!

ಇಷ್ಟು ನಾಜೂಕಾದ ಏರ್ಪಾಟನ್ನು ಬೈಕಿನಿಂದ ಕಿತ್ತು ಕಾರಿಗೆ ಹಾಕಿದಾಗ ಒಂದೊಂದೇ ಎಳೆ ಸಡಿಲವಾಗುತ್ತದೆ. ಬೈಕಿನಲ್ಲಿ ರೆಗ್ಯುಲೇಟರಿಗೆ ಗಾಳಿ ಬಡಿಯುತ್ತಿತ್ತು. ಕಾರಿನಲ್ಲಿ ಅದು ಸೀಟಿನ ಹಿಂದೆ, ಸೈಲೆನ್ಸರಿನ ಪಕ್ಕ ಉಸಿರುಗಟ್ಟಿ ಕೂರುತ್ತದೆ. ಬೈಕಿನಲ್ಲಿ ಬ್ಯಾಟರಿ ಮಗ್ಗುಲಲ್ಲೇ ಇತ್ತು. ಕಾರಿನಲ್ಲಿ ಅದಕ್ಕೆ ಉದ್ದನೆಯ ತಂತಿ, ನಡುವೆ ನಾಲ್ಕಾರು ಕನೆಕ್ಟರು. ಬೈಕಿನ ಅರ್ಥ್ ನೇರ ಇಂಜಿನ್ನಿಗೆ ಬೋಲ್ಟ್ ಆಗಿತ್ತು. ಕಾರಿನಲ್ಲಿ ಅದನ್ನು ಚಂದದ ಬಣ್ಣ ಬಳಿದ ಪೈಪಿನ ಚಾಸಿಗೆ ಬಿಗಿಯುತ್ತಾರೆ. ಬಣ್ಣದ ಮೂಲಕ ಕರೆಂಟ್ ಹರಿದೀತೇ? ಮೇಲೆ ಹೊಸ ಬಾಯಿಗಳು ಬೇರೆ: ರೇಡಿಯೇಟರ್ ಫ್ಯಾನ್, ಪೆಟ್ರೋಲ್ ಪಂಪ್, ಓಟದ ಅಂಕಿಗಳನ್ನು ದಾಖಲಿಸುವ ಡೇಟಾ ಲಾಗರ್, ಬ್ರೇಕ್ ಲೈಟ್. ಸರದಿಗಾಗಿ ಕಾದು ನಿಂತಾಗ ಇಂಜಿನ್ ಐಡಲ್‌ನಲ್ಲಿರುತ್ತದೆ, ಕಾವು ಏರಿ ಫ್ಯಾನ್ ತಿರುಗುತ್ತಿರುತ್ತದೆ. ಐಡಲ್‌ನಲ್ಲಿ ಸ್ಟೇಟರ್ ಕೊಡುವುದು ತನ್ನ ಪೂರ್ಣ ಬಲದ ಒಂದು ಪಾಲು ಮಾತ್ರ. ಆದಾಯಕ್ಕಿಂತ ಖರ್ಚು ಹೆಚ್ಚು, ಕೊರತೆ ತುಂಬುವುದು ಬ್ಯಾಟರಿ.

ಇನ್ನೊಂದು ಅಪಾಯ ಕಾರಿನ ಕರೆಂಟ್ ಕಡಿಯುವ ಮಾಸ್ಟರ್ ಸ್ವಿಚ್ಚಿನದು. ಓಡುತ್ತಿರುವ ಇಂಜಿನ್ನಿನಿಂದ ಬ್ಯಾಟರಿಯನ್ನಷ್ಟೇ ಕತ್ತರಿಸಿದರೆ ಸ್ಟೇಟರ್ ಸುಮ್ಮನಾಗುವುದಿಲ್ಲ. ವೋಲ್ಟೇಜಿನ ಏರಿಳಿತ ಹೀರಿಕೊಳ್ಳುತ್ತಿದ್ದ ಬ್ಯಾಟರಿಯೇ ಇಲ್ಲದೆ ವೋಲ್ಟೇಜ್ ಜಿಗಿದು ಇಂಜಿನ್ ನಡೆಸುವ ದುಬಾರಿ ಕಂಪ್ಯೂಟರನ್ನು ಸುಟ್ಟೀತು. ಅದಕ್ಕೇ ಸ್ಪರ್ಧೆಯ ನಿಯಮದಲ್ಲಿ ಮಾಸ್ಟರ್ ಸ್ವಿಚ್ ಬ್ಯಾಟರಿ, ಆಲ್ಟರ್ನೇಟರ್, ಇಗ್ನಿಷನ್, ಪಂಪ್ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಬೇಕು.

ಈಗ ಪತ್ತೇದಾರಿಕೆ! ಇದಕ್ಕೆ ಬೇಕಾದ ಆಯುಧ ಒಂದು ಮಲ್ಟಿಮೀಟರ್, ಅಷ್ಟೇ.

ಮೊದಲು ಬ್ಯಾಟರಿಯನ್ನು ಹೊರಗಿನ ಚಾರ್ಜರಿನಿಂದ ಪೂರ್ತಿ ತುಂಬಿಸಿ, ಕೆಲ ತಾಸು ಬಿಟ್ಟು ಅಳೆಯಿರಿ. ಲೆಡ್ ಆಸಿಡ್ ಬ್ಯಾಟರಿ 12.6ರಿಂದ 12.8 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 10ಕ್ಕಿಂತ ಬಹಳ ಕೆಳಗಿಳಿದರೆ ಬ್ಯಾಟರಿಯೇ ಮುದಿಯಾಗಿದೆ. ರೇಸ್ ಕಾರುಗಳಲ್ಲಿ ತೂಕ ಉಳಿಸಲು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕುವುದುಂಟು. ಅಲ್ಲೊಂದು ಬಲೆ ಇದೆ: ತುಂಬಿದ ಲಿಥಿಯಂ ಬ್ಯಾಟರಿ ಸುಮ್ಮನಿರುವಾಗ 13.2ರ ಆಚೆಗಿರುತ್ತದೆ. ಲೆಡ್ ಬ್ಯಾಟರಿಗೆ ಆರೋಗ್ಯವಾದ 12.8 ಅದಕ್ಕೆ ಬರಿದಾಗುತ್ತಿರುವ ಲಕ್ಷಣ!

ಬಳಿಕ ಇಂಜಿನ್ ಚಾಲೂ ಮಾಡಿ 4,000–5,000 ಸುತ್ತಿಗೆ ಏರಿಸಿ ಬ್ಯಾಟರಿಯ ತುದಿಗಳಲ್ಲೇ ಅಳೆಯಿರಿ. 13.8ರಿಂದ 14.5 ಬಂದರೆ ಪವರ್ ಹೌಸ್ ಕ್ಷೇಮ. 13 ದಾಟದಿದ್ದರೆ ಚಾರ್ಜಿಂಗ್ ಇಲ್ಲ. 15 ಮೀರಿ ಏರುತ್ತ ಹೋದರೆ ರೆಗ್ಯುಲೇಟರಿನ ಶಾರ್ಟ್ ಮಾಡುವ ಸ್ವಿಚ್ಚು ಸತ್ತಿದೆ, ಇಲ್ಲವೇ ಬ್ಯಾಟರಿಯ ವೋಲ್ಟೇಜನ್ನು ಅದಕ್ಕೆ ತಿಳಿಸುವ ತಂತಿ ಕಡಿದಿದೆ.

ಚಾರ್ಜಿಂಗ್ ಇಲ್ಲವೆಂದಾದರೆ ಇಂಜಿನ್ ನಿಲ್ಲಿಸಿ ಮೂರು ಹಳದಿ ತಂತಿಗಳ ಕನೆಕ್ಟರ್ ಬಿಚ್ಚಿ. ಎರಡೆರಡು ತಂತಿಗಳ ನಡುವೆ ರೆಸಿಸ್ಟೆನ್ಸ್ ನೋಡಿ, ಮೂರು ಜೋಡಿ ಆಗುತ್ತವೆ. ಸಾಮಾನ್ಯವಾಗಿ ಒಂದು ಓಮ್‌ಗಿಂತ ಕಡಿಮೆ ಇರಬೇಕು, ಮೂರೂ ಸಮ ಇರಬೇಕು. ಮೀಟರಿನ ಸ್ವಂತ ತಂತಿಗಳ ರೆಸಿಸ್ಟೆನ್ಸ್ ಕಳೆಯುವುದನ್ನು ಮರೆಯಬೇಡಿ. ಪ್ರತಿ ತಂತಿಗೂ ಇಂಜಿನ್ ಬಾಡಿಗೂ ನಡುವೆ ಸಂಪರ್ಕವೇ ಇರಬಾರದು, ಇದ್ದರೆ ಕಾಯಿಲ್ ಸುಟ್ಟು ಕಬ್ಬಿಣಕ್ಕೆ ತಾಗಿದೆ. ಆಮೇಲೆ ಇಂಜಿನ್ ಓಡಿಸಿ, ಎಚ್ಚರದಿಂದ, ಅದೇ ಮೂರು ಜೋಡಿಗಳ ಎಸಿ ವೋಲ್ಟೇಜ್ ನೋಡಿ. ವೇಗದೊಂದಿಗೆ ಮೂರೂ ಏರಬೇಕು, ಒಟ್ಟಿಗೆ ಏರಬೇಕು. ಅಗ್ಗದ ಮೀಟರುಗಳು ಇಷ್ಟು ಹೆಚ್ಚಿನ ಆವರ್ತದಲ್ಲಿ ತುಸು ತಪ್ಪು ಅಂಕಿ ತೋರಿಸಬಹುದು. ಚಿಂತೆಯಿಲ್ಲ, ತಪ್ಪಾದರೂ ಮೂರಕ್ಕೂ ಒಂದೇ ತಪ್ಪು. ಗ್ಯಾರೇಜಿನಲ್ಲಿ ಕೇಳುವ ಪ್ರಶ್ನೆ ಒಂದೇ: “ಮೂರೂ ಸಮ ಅದಾವೇನು?” ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ತೆರೆದು ರೈತ ಕೇಳುವುದೂ ಇದನ್ನೇ!

ಒಂದು ಫೇಸ್ ಸತ್ತರೆ ಪಂಪ್‌ಸೆಟ್ ಕೂಗಿ ಹೇಳುತ್ತದೆ. ಬೈಕಿನ ಪವರ್ ಹೌಸ್ ಹೇಳುವುದಿಲ್ಲ. ಉಳಿದ ಎರಡು ತಂತಿಗಳಲ್ಲೇ ಕುಂಟುತ್ತ ಚಾರ್ಜ್ ಮಾಡುತ್ತಿರುತ್ತದೆ. ಹಗಲು ಗಾಡಿ ಸರಿ, ಲೈಟ್ ಹಾಕಿದ ರಾತ್ರಿ ಬ್ಯಾಟರಿ ಖಾಲಿ. ಸ್ಟೇಟರ್ ಸರಿಯಿದ್ದರೆ ರೆಕ್ಟಿಫೈಯರಿನ ಸರದಿ: ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ ಆರೂ ಡಯೋಡು ನೋಡಿ. ಒಂದು ಕಡೆಯಿಂದ ಅರ್ಧ ವೋಲ್ಟಿನ ಆಸುಪಾಸು ತೋರಿಸಬೇಕು, ತಂತಿ ಅದಲುಬದಲು ಮಾಡಿದರೆ ಏನೂ ತೋರಿಸಬಾರದು.

ಎಲ್ಲವೂ ಸರಿ, ಆದರೂ ಚಾರ್ಜಿಂಗ್ ಬರವಲ್ದು ಅನ್ನುವಾಗ ಇದೆಯಲ್ಲ, ಅದೇ ಅತ್ಯಂತ ರೋಚಕ ಘಳಿಗೆ! ಇಂಜಿನ್ ಓಡುತ್ತಿರಲಿ, ಫ್ಯಾನ್ ಲೈಟ್ ಎಲ್ಲ ಉರಿಯಲಿ. ಮೀಟರಿನ ಒಂದು ಕಡ್ಡಿ ರೆಗ್ಯುಲೇಟರಿನ ಪ್ಲಸ್‌ಗೆ, ಇನ್ನೊಂದು ಬ್ಯಾಟರಿಯ ಪ್ಲಸ್‌ಗೆ ಹಿಡಿಯಿರಿ. ಒಂದೇ ತಂತಿಯ ಎರಡು ತುದಿ, ಸೊನ್ನೆ ಬರಬೇಕು. 0.2 ವೋಲ್ಟ್ ದಾಟಿದರೆ ಕಳ್ಳ ಆ ದಾರಿಯಲ್ಲೇ ಅಡಗಿದ್ದಾನೆ. ಮೈನಸ್ ಕಡೆಗೂ ಹಾಗೆಯೇ ನೋಡಿ. ಮಸಿ ಹಿಡಿದ ಒಂದು ಕನೆಕ್ಟರ್‌ನಲ್ಲಿ ಓಮ್‌ನ ಹತ್ತನೇ ಒಂದು ಭಾಗ ರೆಸಿಸ್ಟೆನ್ಸ್ ಇದೆ ಅನ್ನಿ. 15 ಆಂಪಿಯರ್ ಹರಿಯುವಾಗ ಅಲ್ಲೇ 1.5 ವೋಲ್ಟ್ ಮಾಯ. ರೆಗ್ಯುಲೇಟರ್ 14.4 ಕೊಟ್ಟರೂ ಬ್ಯಾಟರಿಗೆ ಮುಟ್ಟುವುದು 12.9. ಕಳೆದ ಶಕ್ತಿ ಎಲ್ಲಿಗೆ ಹೋಯಿತು? 22.5 ವಾಟ್ ಶಾಖವಾಗಿ ಆ ಪುಟ್ಟ ಪ್ಲಾಸ್ಟಿಕ್ಕಿನೊಳಗೇ ಇಳಿಯಿತು. ರೇಡಿಯೋ ರಿಪೇರಿಯವನ ಬೆಸುಗೆ ಕಡ್ಡಿಯನ್ನು ಕನೆಕ್ಟರಿನೊಳಗೆ ಕಾಯಲು ಬಿಟ್ಟಂತೆ! ಪ್ಲಾಸ್ಟಿಕ್ ಕರಗುತ್ತದೆ, ಪಿನ್ ಕಪ್ಪಾಗುತ್ತದೆ, ರೆಸಿಸ್ಟೆನ್ಸ್ ಇನ್ನೂ ಏರುತ್ತದೆ, ಶಾಖ ಇನ್ನೂ ಹೆಚ್ಚುತ್ತದೆ. ಸಾವಿರಾರು ರೂಪಾಯಿಯ ಸ್ಟೇಟರ್ ಬದಲಿಸಿದರೂ ವಾಸಿಯಾಗದ ರೋಗ ಒಂದು ಪಿನ್ನಿನಲ್ಲಿತ್ತು.

ಕಾರಿನಲ್ಲಿ ಡೇಟಾ ಲಾಗರ್ ಇದ್ದರೆ ವೋಲ್ಟೇಜಿನ ಗೆರೆಯೇ ಸಾಕ್ಷಿ ನುಡಿಯುತ್ತದೆ. ಫ್ಯಾನ್ ತಿರುಗಿದ ಕೂಡಲೇ ಗೆರೆ ಜಾರಿ, ವೇಗ ಏರಿದಾಗ ಮೇಲೆದ್ದರೆ ಆದಾಯ ಖರ್ಚಿನ ತಾಳಮೇಳ ತಪ್ಪಿದೆ. ಏನೇ ಮಾಡಿದರೂ ಗೆರೆ ನಿಧಾನಕ್ಕೆ ಇಳಿಯುತ್ತಲೇ ಹೋದರೆ ಸ್ಟೇಟರ್ ಅಥವಾ ರೆಕ್ಟಿಫೈಯರ್. ಹಾದಿಯ ಉಬ್ಬುತಗ್ಗಿಗೆಲ್ಲ ಚಿಮ್ಮಿ ಬಿದ್ದರೆ ಲೂಸ್ ಕಾಂಟ್ಯಾಕ್ಟ್. ತಣ್ಣಗಿರುವಾಗ ಸರಿಯಿದ್ದು ಕಾದ ಮೇಲೆ ಬಿದ್ದರೆ ಕಾಯಿಲಿನ ಮೇಲಿನ ಲೇಪ ಬಿಸಿಗೆ ಸೋತಿದೆ. ಅದನ್ನು ಕಾದಾಗಲೇ ಅಳೆಯಬೇಕು, ತಣ್ಣಗಾದ ಮೇಲೆ ಅಳೆದರೆ ಅದು ಮುಗ್ಧನಂತೆ ನಟಿಸುತ್ತದೆ.

ಬಿಸಿಯ ಮಾತು ಬಂದರೆ ರಾಯಚೂರನ್ನು ಮೀರಿಸುವವರಾರು! ಮೇ ತಿಂಗಳಲ್ಲಿ 44 ಡಿಗ್ರಿ ಮುಟ್ಟುವ ಊರಿದು. ಲೆಡ್ ಬ್ಯಾಟರಿಯ ಆಯಸ್ಸು ಸುಮಾರು 10 ಡಿಗ್ರಿ ಏರಿಕೆಗೆ ಅರ್ಧಕ್ಕಿಳಿಯುತ್ತದೆ ಎಂಬುದು ಬಲ್ಲವರ ಲೆಕ್ಕ. ಸೆಕೆ ಏರಿದಂತೆ ಚಾರ್ಜಿಂಗ್ ವೋಲ್ಟೇಜನ್ನೂ ತುಸು ಇಳಿಸಬೇಕು. 25 ಡಿಗ್ರಿಯಲ್ಲಿ ಹಿತವಾದ 14.4 ವೋಲ್ಟ್ 45 ಡಿಗ್ರಿಯಲ್ಲಿ ಬ್ಯಾಟರಿಯ ನೀರು ಆರಿಸುತ್ತದೆ. ಗಬ್ಬೂರು ದಾಟಿ ದೇವದುರ್ಗದ ಕಡೆ ಮಧ್ಯಾಹ್ನ ಎರಡಕ್ಕೆ ಹೋಗುವ ಪ್ರತಿ ಬೈಕೂ ಈ ಪರೀಕ್ಷೆ ಬರೆಯುತ್ತಲೇ ಇದೆ.

ಪರೀಕ್ಷೆ ಕಠಿಣವಾದದ್ದು ಈಚೆಗೆ. ಹಳೆಯ 100 ಸಿಸಿ ಗಾಡಿ ನೆನಪಿದೆಯೇ? ಆಕ್ಸಿಲರೇಟರ್ ಬಿಟ್ಟರೆ ಹೆಡ್‌ಲೈಟ್ ಮಂಕು, ತಿರುವಿದರೆ ಝಗ್! ಲೈಟು ನೇರ ಮ್ಯಾಗ್ನೆಟ್ಟಿನ ಕರೆಂಟಿಗೇ ಉರಿಯುತ್ತಿತ್ತು. ಬ್ಯಾಟರಿ ಸತ್ತರೂ ಕಿಕ್ ಹೊಡೆದು ಮನೆ ಸೇರಬಹುದಿತ್ತು. 2017ರ ಏಪ್ರಿಲ್‌ನಿಂದ ಹೊಸ ಗಾಡಿಗಳ ಲೈಟ್ ಹಗಲೂ ಉರಿಯಬೇಕಾಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದು ಹೆಚ್ಚಿನ ಗಾಡಿಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಟರ್ ಬಂತು, ಜೊತೆಗೆ ಕರೆಂಟಿನ ಪೆಟ್ರೋಲ್ ಪಂಪ್ ಬಂತು, ಅನೇಕ ಗಾಡಿಗಳಲ್ಲಿ ಕಿಕ್ ಮಾಯವಾಯಿತು. ರೇಸ್ ಕಾರಿನ ಹುಡುಗರ ತಲೆನೋವೇ ಈಗ ಹತ್ತಿ ಹೊಲದ ದಾರಿಯ ತಲೆನೋವು. ವೋಲ್ಟೇಜ್ ಇಲ್ಲದಿದ್ದರೆ ಟ್ಯಾಂಕ್ ತುಂಬ ಪೆಟ್ರೋಲ್ ಇದ್ದೂ ಗಾಡಿ ಅಲುಗದು.

ಇದಕ್ಕೆ ಬೇಕಾದ ವಿದ್ಯೆ ಆಗಲೇ ನಮ್ಮ ಬೀದಿಗಳಲ್ಲಿದೆ. ಸುಟ್ಟ ಪಂಪ್‌ಸೆಟ್ ಮೋಟಾರುಗಳನ್ನು ಬಿಚ್ಚಿ, ಸುತ್ತು ಎಣಿಸಿ, ಹೊಸ ತಾಮ್ರ ಸುತ್ತುವ ವೈಂಡಿಂಗ್ ಅಂಗಡಿಗಳು ರಾಯಚೂರು, ಮಾನ್ವಿ, ದೇವದುರ್ಗ ಮೂರರಲ್ಲೂ ಇವೆ. ಮೂರು ಫೇಸ್ ಸಮ ಇದೆಯೇ ಎಂದು ಕೈಬೆರಳಲ್ಲೇ ಬಲ್ಲವರು ಅಲ್ಲಿ ಕೂತಿದ್ದಾರೆ. ಬೈಕಿನ ಸ್ಟೇಟರ್ ಅದೇ ಕಸುಬಿನ ಚಿಕ್ಕ ಆವೃತ್ತಿ, ಬಿಸಿ ಮಾತ್ರ ಹೆಚ್ಚು. ಇಂಜಿನ್ ಎಣ್ಣೆ 100 ಡಿಗ್ರಿ ದಾಟುವ ಜಾಗಕ್ಕೆ 180 ಡಿಗ್ರಿ ತಾಳುವ ‘ಎಚ್’ ದರ್ಜೆಯ ತಂತಿಯೇ ಬೇಕು, ಪಂಪಿಗೆ ಸುತ್ತಿ ಉಳಿದ ಸಾದಾ ತಂತಿ ಅಲ್ಲಿ ಬಾಳುವುದಿಲ್ಲ.

ರಾಯಚೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ, ನಿಮ್ಮ ಕಾಲೇಜಿನ ಗೇಟಿನಾಚೆ ವೈಂಡಿಂಗ್ ಮಿಸ್ತ್ರಿ ಇದ್ದಾನೆ, ಪಕ್ಕದಲ್ಲಿ ಬ್ಯಾಟರಿ ಅಂಗಡಿ ಇದೆ, ತಲೆಯ ಮೇಲೆ ದೇಶದ ಯಾವ ಪ್ರಯೋಗಾಲಯವೂ ಪುಕ್ಕಟೆ ಕೊಡದ ಸೆಕೆ ಇದೆ. ಒಂದು ಹಳೆಯ ಬೈಕಿನ ಇಂಜಿನ್ ತನ್ನಿ, ಕಾರು ಕಟ್ಟಿ. ಮೇ ತಿಂಗಳ ಮಧ್ಯಾಹ್ನ, ಫ್ಯಾನ್ ತಿರುಗುತ್ತ, ಐಡಲ್‌ನಲ್ಲಿ ನಿಂತು ಬ್ಯಾಟರಿ ತುಂಬಿಸಿಕೊಳ್ಳುವ ಕಾರನ್ನು ಇಲ್ಲಿ ಮಾಡಿದಿರಾದರೆ, ಜನವರಿಯ ಕೊಯಮತ್ತೂರಿನ ತಂಪಿನಲ್ಲಿ ನಡೆಯುವ ಸ್ಪರ್ಧೆಯಲ್ಲಿ ಅದನ್ನು ನಿಲ್ಲಿಸುವ ದೋಷ ಇನ್ನೂ ಹುಟ್ಟಬೇಕಷ್ಟೆ!